ಸುಮಾತ್ರಾದ ಕಡಲಲ್ಲಿ ಭೂಕಂಪ, ಯಶವಂತಪುರದಲ್ಲಿ ಕುರ್ಚಿ ಯಾಕೆ ತೂಗಿತು?

ಇಯರ್‌ಫೋನ್ ಹಾಕ್ಕೊಂಡು ಹೆಬ್ಬಾಳದ ಟ್ರಾಫಿಕ್‌ನಲ್ಲಿ ನಿಂತಿರೋರಿಗೂ, ಮನೇಲಿ ಕೂತು ಕೇಳ್ತಿರೋರಿಗೂ ಸ್ವಾಗತ. ಇವತ್ತು ಭೂಕಂಪದ ಬಗ್ಗೆ ಮಾತಾಡೋಣ.

2012ರ ಏಪ್ರಿಲ್ 11. ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ನಾನು ಯಶವಂತಪುರದ ಒಂದು ಆಫೀಸಿನಲ್ಲಿ ಆರನೇ ಮಹಡಿಯಲ್ಲಿದ್ದೆ. ಕುರ್ಚಿ ಮೆಲ್ಲಗೆ ತೂಗಿದ ಹಾಗಾಯ್ತು. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ, ತಲೆಸುತ್ತು ಅಂದುಕೊಂಡೆ. ನೋಡಿದ್ರೆ ಪಕ್ಕದ ಟೇಬಲ್ ಮೇಲಿನ ಬಾಟಲಿಯಲ್ಲಿ ನೀರೂ ಅಲ್ಲಾಡ್ತಿದೆ! ಎಲ್ಲರೂ ಮೆಟ್ಟಿಲು ಇಳಿದು ಓಡಿದ್ವಿ. ಕೆಳಗೆ ಟೀ ಅಂಗಡಿಯವರನ್ನ ಕೇಳಿದ್ರೆ, "ನಮಗೇನೂ ಗೊತ್ತಾಗ್ಲೇ ಇಲ್ವಲ್ಲ ಸಾರ್" ಅಂದ್ರು.

ಭೂಕಂಪ ಆಗಿದ್ದು ಇಲ್ಲಿಂದ ಸುಮಾರು 2,000 ಕಿಲೋಮೀಟರ್ ದೂರ, ಸುಮಾತ್ರಾ ದ್ವೀಪದ ಪಶ್ಚಿಮಕ್ಕೆ, ಸಮುದ್ರದ ತಳದಲ್ಲಿ. ತೀವ್ರತೆ 8.6. ಹಾಗಾದ್ರೆ ಮೇಲಿದ್ದವರಿಗೆ ಮಾತ್ರ ಯಾಕೆ ಗೊತ್ತಾಯ್ತು?

ಗಣೇಶನ ಮೆರವಣಿಗೆ ನೆನಪಿಸಿಕೊಳ್ಳಿ. ಅದು ನಾಲ್ಕು ಬೀದಿ ದಾಟಿದ ಮೇಲೆ ಹಾಡು ಕೇಳಲ್ಲ, "ಧಂ ಧಂ" ಅನ್ನೋದು ಮಾತ್ರ ಕೇಳುತ್ತೆ. ಭೂಕಂಪದ ಅಲೆಗಳೂ ಹಾಗೇ. ವೇಗವಾಗಿ ನಡುಗಿಸೋ ಅಲೆಗಳು ದಾರಿಯಲ್ಲೇ ಸೋತುಹೋಗ್ತವೆ. ನಿಧಾನವಾಗಿ ತೂಗೋ ಅಲೆಗಳು ದೂರ ಬರ್ತವೆ. ಎತ್ತರದ ಕಟ್ಟಡವೂ ನಿಧಾನವಾಗಿಯೇ ತೂಗುತ್ತೆ. ಎರಡರ ತಾಳ ಕೂಡಿದ್ರೆ, ಉಯ್ಯಾಲೆಗೆ ಸರಿಯಾದ ಸಮಯಕ್ಕೆ ಕೈ ಕೊಟ್ಟ ಹಾಗೆ, ತೂಗಾಟ ಹೆಚ್ಚುತ್ತೆ.

ಆ ಕಡೆ ಯಾಕೆ ಇಷ್ಟು ಭೂಕಂಪ? ನಾವು ನಿಂತಿರೋ ಭಾರತದ ಭೂಫಲಕ ಅಂಡಮಾನ್, ನಿಕೋಬಾರ್, ಸುಮಾತ್ರಾದ ಅಡಿಗೆ ನುಗ್ಗುತ್ತಿದೆ. ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಆದ್ರೆ ಅಂಚುಗಳು ಕಚ್ಚಿಕೊಂಡು ನಿಲ್ತವೆ, ಒತ್ತಡ ನೂರಾರು ವರ್ಷ ಕೂಡ್ತಾ ಹೋಗುತ್ತೆ. 2004ರ ಡಿಸೆಂಬರ್ 26ರಂದು ಹಾಗೆ ಕೂಡಿಟ್ಟ ಒತ್ತಡ ಸುಮಾರು 1,300 ಕಿಲೋಮೀಟರ್ ಉದ್ದಕ್ಕೆ ಬಿಟ್ಟುಕೊಂಡಿತು. ದೇಶದ ದಕ್ಷಿಣ ತುದಿ ಇಂದಿರಾ ಪಾಯಿಂಟ್ ನಾಲ್ಕು ಮೀಟರಿನಷ್ಟು ಕುಸಿಯಿತು, ಅಲ್ಲಿನ ದೀಪಸ್ತಂಭ ನೀರಲ್ಲಿ ನಿಂತಿತು. ಉತ್ತರ ಅಂಡಮಾನಿನಲ್ಲಿ ಹವಳದ ದಿಬ್ಬಗಳು ನೀರಿನಿಂದ ಮೇಲೆದ್ದವು. ಸಮುದ್ರದ ತಳ ಎದ್ದಿದ್ದಕ್ಕೇ ಸುನಾಮಿ ಬಂತು. 2012ರಲ್ಲಿ ತಳ ಅಕ್ಕಪಕ್ಕಕ್ಕೆ ಜಾರಿತು, ಅದಕ್ಕೇ ದೊಡ್ಡ ಸುನಾಮಿ ಬರಲಿಲ್ಲ.

"ಬೆಂಗಳೂರು ಸೇಫ್ ಅಲ್ವಾ?" ಅಂತೀರಿ. ನಾವಿರೋದು ಫಲಕದ ಅಂಚಿನಲ್ಲಲ್ಲ, ಹಳೇ ಗಟ್ಟಿ ಬಂಡೆಯ ಮೇಲೆ. ವರ್ಷಗಟ್ಟಲೆ ನಮ್ಮನ್ನ ಕಡಿಮೆ ಅಪಾಯದ ಎರಡನೇ ವಲಯದಲ್ಲೇ ಇಟ್ಟಿದ್ರು. ಆದ್ರೆ ಕಡಿಮೆ ಅಂದ್ರೆ ಇಲ್ಲವೇ ಇಲ್ಲ ಅಂತಲ್ಲ. ನಮ್ಮ ಬೀದರ್ ಪಕ್ಕದ ಲಾತೂರ್ ಜಿಲ್ಲೆಯ ಕಿಲ್ಲಾರಿಯನ್ನ ಎಲ್ಲಕ್ಕಿಂತ ಸುರಕ್ಷಿತ ವಲಯದಲ್ಲಿ ಇಟ್ಟಿದ್ರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ ಭೂಮಿ ನಡುಗಿ ಹತ್ತಿರ ಹತ್ತು ಸಾವಿರ ಜನ ಸತ್ತರು. ಹೆಚ್ಚಿನವರನ್ನ ಕೊಂದಿದ್ದು ಅವರದೇ ಮನೆಯ ಕಲ್ಲು-ಮಣ್ಣಿನ ಗೋಡೆ. ನಮ್ಮ ಹತ್ತಿರದ ಚಿಕ್ಕಬಳ್ಳಾಪುರದಲ್ಲೂ 2021ರ ಡಿಸೆಂಬರ್ 22ರ ಬೆಳಿಗ್ಗೆ ಐದೇ ನಿಮಿಷದಲ್ಲಿ ಎರಡು ಸಲ ಸಣ್ಣಗೆ ನಡುಗಿತ್ತು.

ಯಲಹಂಕದಿಂದ ದೊಡ್ಡಬಳ್ಳಾಪುರ ದಾಟಿ ಹೋದ್ರೆ ಗೌರಿಬಿದನೂರು. ಅಲ್ಲಿ 1965ರಿಂದ ಭೂಕಂಪನ ಮಾಪಕಗಳ ಸಾಲೇ ಇದೆ, ಜಗತ್ತಿನ ಮೂಲೆಯ ಕಂಪನವನ್ನೂ ಹಿಡಿಯುತ್ತೆ. ಆದ್ರೆ ನಿಮ್ಮ ಅಪಾರ್ಟ್‌ಮೆಂಟ್ ಗಟ್ಟಿಯಾಗಿದೆಯಾ ಅಂತ ಅದು ಹೇಳಲ್ಲ. ಅದನ್ನ ನೀವೇ ಕೇಳ್ಬೇಕು. ಕಟ್ಟಿರೋ ಜಾಗ ಮುಚ್ಚಿದ ಕೆರೆಯದ್ದಾ? ಸಡಿಲ ಮಣ್ಣು ನಡುಕ ಹೆಚ್ಚಿಸುತ್ತೆ. ಕೆಳಗೆ ಪಾರ್ಕಿಂಗ್‌ಗೆ ಅಂತ ಬರೀ ಕಂಬ ನಿಲ್ಲಿಸಿದ್ದಾರಾ? ಭೂಕಂಪ ತಡೆಯೋ ಲೆಕ್ಕ ಹಾಕಿದ್ದಾರಾ? ಜಿಮ್ ಇದೆಯಾ ಅಂತ ಕೇಳೋ ನಾವು ಇದನ್ನೂ ಕೇಳೋಣ.

ಕೊನೆಗೆ ಒಂದು ಮಾತು. ನಡುಗುವಾಗ ಲಿಫ್ಟ್ ಬೇಡ, ಮೆಟ್ಟಿಲ ಕಡೆ ಓಡೋದೂ ಬೇಡ. ಗಟ್ಟಿ ಮೇಜಿನ ಕೆಳಗೆ ಕೂತು ತಲೆ ಕಾಪಾಡಿಕೊಳ್ಳಿ, ನಿಂತ ಮೇಲೆ ಇಳಿಯಿರಿ. ಅವತ್ತು ನಾನು ಮಾಡಿದ್ದು ತಪ್ಪು. ನೀವು ಮಾಡ್ಬೇಡಿ.

ಮುಂದಿನ ವಾರ ಸಿಗೋಣ.