ಜಿನೀವಾಕ್ಕೆ ಹೋಗಬೇಕಾದ ಲೆಕ್ಕ ಶಾಂತಿಗ್ರಾಮದಲ್ಲಿದೆ



ಡಿಸೆಂಬರ್ 10 ಮಾನವ ಹಕ್ಕುಗಳ ದಿನ. ಮಾನವ ಹಕ್ಕು ಅಂದ ಕೂಡಲೇ ನಮಗೆ ನೆನಪಾಗೋದು ಪೊಲೀಸ್ ಠಾಣೆ, ಲಾಕಪ್, ಜೈಲು. ಆದರೆ ಹೊಟ್ಟೆಗೆ ಅನ್ನ, ಮಕ್ಕಳಿಗೆ ಶಾಲೆ, ಕಾಯಿಲೆಗೆ ಔಷಧಿ, ಕೈಗೆ ಕೆಲಸ ಇವೂ ಹಕ್ಕುಗಳೇ. ಹಾಗಂತ ನಮ್ಮ ದೇಶವೇ ಪ್ರಪಂಚದ ಮುಂದೆ ಒಪ್ಪಿಕೊಂಡಿದೆ.

ಅದರ ಹೆಸರು ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆ. ವಿಶ್ವಸಂಸ್ಥೆ ಇದನ್ನು ಅಂಗೀಕರಿಸಿದ್ದು 1966ರಲ್ಲಿ. ಭಾರತ ಒಪ್ಪಿದ್ದು 1979ರ ಏಪ್ರಿಲ್ 10ರಂದು. ಎಲ್ಲವನ್ನೂ ನಾಳೆ ಬೆಳಗ್ಗೆಯೇ ಕೊಟ್ಟುಬಿಡಿ ಅಂತ ಅದು ಹೇಳೋದಿಲ್ಲ. ಇರುವ ಸಂಪನ್ಮೂಲವನ್ನೆಲ್ಲ ಬಳಸಿ ಹಂತ ಹಂತವಾಗಿ ಮುಂದೆ ಹೋಗಿ ಅನ್ನುತ್ತೆ. ಮುಂದೆ ಹೋಗ್ತಿದ್ದೀವೋ ಇಲ್ಲವೋ ಅಂತ ನೋಡೋಕೆ ಜಿನೀವಾದಲ್ಲಿ 18 ತಜ್ಞರ ಸಮಿತಿಯಿದೆ. ದೇಶಗಳು ವರದಿ ಕೊಡಬೇಕು, ಸಮಿತಿ ಪ್ರಶ್ನೆ ಕೇಳಬೇಕು. ಇದು ವ್ಯವಸ್ಥೆ.

ನಾವು ಮಾಡಿದ್ದೇನು? ಎರಡನೆಯದರಿಂದ ಐದನೆಯದರವರೆಗೆ ನಾಲ್ಕು ವರದಿಗಳನ್ನು ಒಂದೇ ಕಟ್ಟು ಕಟ್ಟಿ ಕೊಟ್ಟೆವು. 2008ರ ಮೇ ತಿಂಗಳಲ್ಲಿ ಸಮಿತಿ ಅದನ್ನು ಪರಿಶೀಲಿಸಿತು. ರೈತರ ಕಷ್ಟ, ರೈತರ ಆತ್ಮಹತ್ಯೆ ಬಗ್ಗೆ ಆತಂಕ ದಾಖಲಿಸಿತು. ಮುಂದಿನ ವರದಿಗೆ 2011ರ ಜೂನ್ 30ರ ಗಡುವು ಕೊಟ್ಟಿತು. 2021 ಮುಗೀತಾ ಬಂದಿತ್ತು. ಆಗಲೂ ವರದಿ ಹೋಗಿರಲಿಲ್ಲ! ಹತ್ತು ವರ್ಷ ಮಾರ್ಕ್ಸ್ ಕಾರ್ಡ್ ತೋರಿಸದ ಮಗನನ್ನು ಯಾವ ಅಪ್ಪ ಸುಮ್ಮನೆ ಬಿಡ್ತಾನೆ ಹೇಳಿ? ಆ ಹತ್ತು ವರ್ಷದಲ್ಲಿ ದೆಹಲಿಯಲ್ಲಿ ಎರಡೂ ಕಡೆಯವರು ಆಳಿದ್ದಾರೆ. ಹಾಗಾಗಿ ಒಬ್ಬರ ಕಡೆ ಬೆರಳು ತೋರಿಸಿ ಇನ್ನೊಬ್ಬರು ನಗುವ ಹಾಗಿಲ್ಲ.

ವರದಿ ಕೊಟ್ಟರೆ ಅನ್ನ ಬರುತ್ತಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ನಮ್ಮ ಶಾಲೆಗಳಲ್ಲೇ ಇದೆ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬಿಸಿಯೂಟ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶ ಮಾಡಿತು. ಆದೇಶ ಮಾಡಿ ಕೈತೊಳೆದುಕೊಳ್ಳಲಿಲ್ಲ. ಜಾರಿಯಾಗ್ತಿದೆಯಾ ನೋಡೋಕೆ 2002ರಲ್ಲಿ ಆಯುಕ್ತರನ್ನು ನೇಮಿಸಿತು. ಅವರು ರಾಜ್ಯ ರಾಜ್ಯಗಳ ಲೆಕ್ಕವನ್ನು ಕೋರ್ಟಿಗೆ ಒಪ್ಪಿಸ್ತಾ ಹೋದರು. ನಮ್ಮಲ್ಲಿ ಅಕ್ಷರ ದಾಸೋಹ ಶುರುವಾದದ್ದು ಅದೇ 2002ರ ಜೂನ್‌ನಲ್ಲಿ, ಉತ್ತರದ ಏಳು ಜಿಲ್ಲೆಗಳಲ್ಲಿ. ಮರುವರ್ಷ ಹಾಸನವೂ ಸೇರಿ ಉಳಿದ ಜಿಲ್ಲೆಗಳಿಗೆ ಬಂತು. ಮೇಲೆ ಕೂತು ಕೇಳುವವರಿದ್ದರೆ ಕೆಳಗೆ ಒಲೆ ಉರಿಯುತ್ತೆ.

ಇನ್ನೊಂದು ಮಾತು. ಏನನ್ನು ಎಣಿಸ್ತೀವಿ ಅನ್ನೋದೂ ಮುಖ್ಯ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ತಾಲ್ಲೂಕು ತಾಲ್ಲೂಕಿನ ಲೆಕ್ಕ ತೆಗೆಯಿತು. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ತೋರಿಸಿತು. ರಾಜ್ಯದ ಸರಾಸರಿ ನೋಡಿಕೊಂಡು ಕೂತಿದ್ದರೆ ಈ 114 ಯಾರ ಕಣ್ಣಿಗೂ ಬೀಳ್ತಿರಲಿಲ್ಲ.

2019ರ ಎಸ್ಸೆಸ್ಸೆಲ್ಸಿಯಲ್ಲಿ ಹಾಸನ ರಾಜ್ಯಕ್ಕೇ ಮೊದಲು ಬಂತು. ಶೇಕಡಾ 89.33. ಹೆಮ್ಮೆಯ ವಿಷಯ, ಮೇಷ್ಟ್ರುಗಳಿಗೆ ಕೈಮುಗೀತೀನಿ. ಆದರೆ ಆ ಲೆಕ್ಕದಲ್ಲಿರೋದು ಪರೀಕ್ಷೆ ಬರೆದ ಮಕ್ಕಳು ಮಾತ್ರ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಕೂಲಿಗೆ ಹೋದ ಮಗು ಆ ಲೆಕ್ಕದಲ್ಲಿ ಫೇಲೂ ಅಲ್ಲ, ಪಾಸೂ ಅಲ್ಲ. ಲೆಕ್ಕದಲ್ಲೇ ಇಲ್ಲ. ಕೊರೊನಾ ಕಾಲದಲ್ಲಿ ಶಾಲೆಗಳ ಬಾಗಿಲು ಮುಚ್ಚಿದ ಮೇಲಂತೂ ಈ ಲೆಕ್ಕ ಬೇಕೇ ಬೇಕು.

ಹಾಸನದ ಪಕ್ಕದ ಶಾಂತಿಗ್ರಾಮವನ್ನೇ ತಗೊಳ್ಳಿ. ಬೆಂಗಳೂರು ರಸ್ತೆಯಲ್ಲಿ ಓಡಾಡುವವರಿಗೆ ಆ ಹೆಸರು ಗೊತ್ತು, ಟೋಲ್ ಇದೆಯಲ್ಲ! ಅಲ್ಲಿ ದಾಟುವ ಒಂದೊಂದು ಗಾಡಿಗೂ ಲೆಕ್ಕ ಇರುತ್ತೆ. ಕಾರೆಷ್ಟು, ಲಾರಿಯೆಷ್ಟು, ದುಡ್ಡೆಷ್ಟು, ಎಲ್ಲ ಕ್ಷಣದಲ್ಲಿ ಕಂಪ್ಯೂಟರಿನಲ್ಲಿ. ಅದೇ ರಸ್ತೆ ಪಕ್ಕದ ಹೋಬಳಿಯಲ್ಲಿ ಈ ವರ್ಷ ಶಾಲೆ ಬಿಟ್ಟ ಮಕ್ಕಳೆಷ್ಟು? ಅಂಗನವಾಡಿಯಲ್ಲಿ ತೂಕ ಕಡಿಮೆಯಿರೋ ಮಕ್ಕಳೆಷ್ಟು? ಕೆಲಸ ಕೇಳಿ ಸಿಗದವರೆಷ್ಟು? ಈ ಲೆಕ್ಕವನ್ನೂ ಅಷ್ಟೇ ಬೇಗ ಹೇಳೋರು ಬೇಕಲ್ಲವಾ?

ಕೇಳೋಕೆ ಕಾನೂನಿದೆ. ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ಉದ್ಯೋಗ ಖಾತ್ರಿ ಕಾಮಗಾರಿಗಳ ಸಾಮಾಜಿಕ ಲೆಕ್ಕ ಪರಿಶೋಧನೆ ಗ್ರಾಮಸಭೆಯ ಕೆಲಸ. ಅಂದರೆ ಆಡಿಟರ್ ನೀವೇ! ಆದರೆ ಸಭೆಗೆ ಹೋಗದೆ, ಮನೆಗೆ ಬಂದ ಪುಸ್ತಕಕ್ಕೆ ಸಹಿ ಹಾಕಿ ಕಳಿಸಿದರೆ ತಪ್ಪು ಲೆಕ್ಕಕ್ಕೆ ನಾವೇ ಮುದ್ರೆ ಒತ್ತಿದ ಹಾಗೆ. ಅದೇ ಲೆಕ್ಕ ತಾಲ್ಲೂಕಿಗೆ, ಜಿಲ್ಲೆಗೆ, ದೆಹಲಿಗೆ ಹೋಗುತ್ತೆ. ನಾಳೆ ಜಿನೀವಾಕ್ಕೆ ವರದಿ ಹೋದರೂ ಅದರ ಬುಡ ಇದೇ ಪುಸ್ತಕ.

ಶಾಂತಿಗ್ರಾಮ ಹೊಯ್ಸಳರ ಸೀಮೆ. ಶಾಂತಲೆಯಿಂದಲೇ ಊರಿಗೆ ಆ ಹೆಸರು ಬಂತು ಅಂತಾರೆ. ಆ ಕಾಲದಲ್ಲಿ ದತ್ತಿ ಕೊಟ್ಟರೆ ಎಷ್ಟು ಭೂಮಿ, ಎಲ್ಲೆ ಯಾವುದು, ಯಾರಿಗೆ ಅಂತ ಕಲ್ಲಿನ ಮೇಲೆ ಕೆತ್ತಿಸಿ ನಾಲ್ಕು ಜನರ ಕಣ್ಣಿಗೆ ಬೀಳುವ ಕಡೆ ನಿಲ್ಲಿಸ್ತಿದ್ದರು. ಕೊಟ್ಟದ್ದು ತಲುಪದಿದ್ದರೆ ಊರು ಕೇಳಬಹುದಿತ್ತು. ಇವತ್ತು ಕಲ್ಲು ಬೇಡ, ಪಂಚಾಯ್ತಿ ಗೋಡೆ ಸಾಕು. ಮುಂದಿನ ಗ್ರಾಮಸಭೆಗೆ ಹೋಗಿ. ಒಂದೇ ಒಂದು ಪ್ರಶ್ನೆ ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸದೆ ಎದ್ದು ಬರಬೇಡಿ.