ಗಡಿಯಾರ ಹೋಲಿಸಲು ಇಬ್ಬರು ಬೇಕು

ಕಣ್ಣು ಕೋರೈಸುವ ವಿಜ್ಞಾನ ಕಥಾಚಿತ್ರವನ್ನು ಮನೆಮಂದಿಯೆಲ್ಲ ಕೂಡಿ ನೋಡುವುದರ ಬಗ್ಗೆ ಇವತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಇಂಥ ಚಿತ್ರಗಳ ಮೇಲೆ ಎರಡು ದೂರುಗಳು ಸದಾ ಇದ್ದೇ ಇರುತ್ತವೆ. ಕಣ್ಣಿಗೆ ಹಬ್ಬ, ತಲೆಗೆ ಉಪವಾಸ ಎನ್ನುವುದು ಒಂದು. ವಿಜ್ಞಾನ ಚೆನ್ನಾಗಿತ್ತು, ನಡುವೆ ಅಪ್ಪ–ಮಗಳ ಕಣ್ಣೀರನ್ನು ಯಾಕೆ ತುರುಕಿದರೋ ಎನ್ನುವುದು ಇನ್ನೊಂದು. 2014ರಲ್ಲಿ ತೆರೆಕಂಡ, ಕ್ರಿಸ್ಟೋಫರ್ ನೋಲನ್ ನಿರ್ದೇಶಿಸಿದ ‘ಇಂಟರ್‌ಸ್ಟೆಲ್ಲರ್’ ಚಿತ್ರಕ್ಕೆ ಈ ಎರಡೂ ದೂರುಗಳು ಒಟ್ಟಿಗೇ ಅಂಟಿಕೊಂಡವು. ನಾನು ಆ ಚಿತ್ರವನ್ನೇ ಎತ್ತಿಕೊಂಡು ಎರಡಕ್ಕೂ ಉತ್ತರ ಕೊಡಲು ಪ್ರಯತ್ನಿಸುತ್ತೇನೆ. ಆ ಚಿತ್ರದಲ್ಲಿ ವಿಜ್ಞಾನವನ್ನು ಅಳೆದು ತೋರಿಸುವ ಉಪಕರಣವೇ ಕುಟುಂಬ. ಅಪ್ಪ–ಮಗಳನ್ನು ಕಥೆಯಿಂದ ತೆಗೆದರೆ ಹೋಗುವುದು ಬರೀ ಭಾವುಕತೆಯಲ್ಲ, ಭೌತವಿಜ್ಞಾನವೂ ಅದರ ಜೊತೆಗೇ ಕಣ್ಮರೆಯಾಗುತ್ತದೆ. ಹಾಗಾಗಿ ಮೂರು ತಲೆಮಾರಿನವರು ಒಂದೇ ಸಾಲಿನಲ್ಲಿ ಕೂತು ನೋಡಿದಾಗಲೇ ಅದು ಪೂರ್ತಿಯಾಗಿ ತೆರೆದುಕೊಳ್ಳುತ್ತದೆ ಎಂಬುದು ನನ್ನ ವಾದ.

ಮೊದಲು ವಿಜ್ಞಾನದ ಮಾತು. 1915ರಲ್ಲಿ ಐನ್‌ಸ್ಟೈನ್ ಮುಂದಿಟ್ಟ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ, ಗುರುತ್ವ ಬಲವಾಗಿರುವ ಕಡೆ ಕಾಲ ನಿಧಾನವಾಗಿ ಹರಿಯುತ್ತದೆ. ಇದು ಪುಸ್ತಕದಲ್ಲೇ ಉಳಿದ ಮಾತಲ್ಲ. ಜಿಪಿಎಸ್ ಉಪಗ್ರಹಗಳಲ್ಲಿರುವ ಗಡಿಯಾರಗಳು ನೆಲದ ಗಡಿಯಾರಗಳಿಗಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೆ ಓಡುತ್ತವೆ. ಅದನ್ನು ಸರಿಪಡಿಸದಿದ್ದರೆ ನಮ್ಮ ಮೊಬೈಲಿನ ನಕ್ಷೆ ಒಂದೇ ದಿನದಲ್ಲಿ ದಾರಿ ತಪ್ಪಿಸುತ್ತದೆ. 2010ರಲ್ಲಿ ಅಮೆರಿಕದ ವಿಜ್ಞಾನಿಗಳು ಕೇವಲ 33 ಸೆಂಟಿಮೀಟರ್ ಎತ್ತರದ ವ್ಯತ್ಯಾಸಕ್ಕೂ ಎರಡು ಗಡಿಯಾರಗಳು ಬೇರೆ ಬೇರೆ ವೇಗದಲ್ಲಿ ನಡೆಯುವುದನ್ನು ಅಳೆದು ತೋರಿಸಿದರು. ಆದರೆ ಇದರಲ್ಲಿ ಒಂದು ಸೂಕ್ಷ್ಮವಿದೆ. ಕಾಲ ನಿಧಾನವಾಗಿರುವ ಜಾಗದಲ್ಲಿ ನಿಂತವನಿಗೆ ಅದರ ಸುಳಿವೇ ಸಿಗುವುದಿಲ್ಲ. ಅವನ ಗಡಿಯಾರ ಎಂದಿನಂತೆ ನಡೆಯುತ್ತದೆ, ನಾಡಿ ಎಂದಿನಂತೆ ಮಿಡಿಯುತ್ತದೆ. ಅಗಲಿದ ಇಬ್ಬರು ತಮ್ಮ ಗಡಿಯಾರಗಳನ್ನು ಹೋಲಿಸಿದಾಗಷ್ಟೇ ವ್ಯತ್ಯಾಸ ಬಯಲಾಗುತ್ತದೆ. ಒಬ್ಬಂಟಿ ಮನುಷ್ಯನಿಗೆ ಸಾಪೇಕ್ಷತೆ ಕಾಣುವುದೇ ಇಲ್ಲ. 1911ರಲ್ಲಿ ಪಾಲ್ ಲಾಂಜವಾನ್ ಎಂಬ ಫ್ರೆಂಚ್ ಭೌತವಿಜ್ಞಾನಿ ಹೇಳಿದ ಗಗನಯಾತ್ರಿಯ ಉದಾಹರಣೆ ಮುಂದೆ ಅವಳಿಗಳ ಕಥೆಯಾಗಿ ಪ್ರಸಿದ್ಧವಾದದ್ದೂ ಇದೇ ಕಾರಣಕ್ಕೆ. ಸಿದ್ಧಾಂತವನ್ನು ವಿವರಿಸಹೊರಟ ವಿಜ್ಞಾನಿಗಳಿಗೇ ಒಡಹುಟ್ಟಿದವರು ಬೇಕಾದರು.

ನೋಲನ್ ಚಿತ್ರ ಈ ಸೂಕ್ಷ್ಮವನ್ನು ಚೆನ್ನಾಗಿ ಬಲ್ಲದು. ಭೂಮಿಯನ್ನು ಬಿಟ್ಟು ಹೊರಡುವ ಗಗನಯಾನಿ ಕೂಪರ್ ತನ್ನ ಹತ್ತು ವರ್ಷದ ಮಗಳು ಮರ್ಫ್‌ಳ ಕೈಗೆ ಒಂದು ಕೈಗಡಿಯಾರ ಕೊಡುತ್ತಾನೆ. ಇನ್ನೊಂದು ಅವನ ಕೈಯಲ್ಲಿರುತ್ತದೆ. ತಿರುಗಿ ಬಂದಾಗ ಎರಡನ್ನೂ ಹೋಲಿಸಿ ನೋಡೋಣ ಎನ್ನುತ್ತಾನೆ. ನೋಡುವವರ ಕಣ್ಣಿಗೆ ಇದು ಅಪ್ಪನ ಸಮಾಧಾನದ ಮಾತು. ಭೌತವಿಜ್ಞಾನದ ಲೆಕ್ಕದಲ್ಲಿ ಇದು ಪ್ರಯೋಗದ ಸಿದ್ಧತೆ. ಮಗಳು ಗಡಿಯಾರವನ್ನು ಎಸೆದುಬಿಡುತ್ತಾಳೆ, ಏಕೆಂದರೆ ಪ್ರಯೋಗದ ಬೆಲೆ ಏನೆಂಬುದು ಅವಳಿಗೆ ಅಪ್ಪನಿಗಿಂತ ಮೊದಲೇ ಗೊತ್ತಾಗಿದೆ.

ಯಾನಿಗಳು ಇಳಿಯುವ ಮೊದಲ ಗ್ರಹದ ದೃಶ್ಯವನ್ನು ನೋಡಿ. ಅದು ಗಾರ್ಗಾಂಟುವಾ ಎಂಬ ಬೃಹತ್ ಕಪ್ಪುಕುಳಿಯ ಮಗ್ಗುಲಲ್ಲಿದೆ, ಅಲ್ಲಿನ ಒಂದು ಗಂಟೆ ಭೂಮಿಯ ಏಳು ವರ್ಷಕ್ಕೆ ಸಮ. ಮೊಣಕಾಲುದ್ದ ನೀರಿನಲ್ಲಿ ಯಾನಿಗಳು ತಡವರಿಸುತ್ತ ನಡೆಯುತ್ತಾರೆ. ದೂರದಲ್ಲಿ ಬೆಟ್ಟಸಾಲು ಕಾಣುತ್ತದೆ. ಅದು ಬೆಟ್ಟವಲ್ಲ, ಎದ್ದು ಬರುತ್ತಿರುವ ಅಲೆ ಎಂದು ಗೊತ್ತಾದಾಗ ಚಿತ್ರಮಂದಿರದಲ್ಲಿ ಉಸಿರು ಬಿಗಿಹಿಡಿಯದವರಿಲ್ಲ. ಹಾನ್ಸ್ ಝಿಮ್ಮರ್ ಸಂಗೀತದ ಅಡಿಯಲ್ಲಿ ಗಡಿಯಾರದ ಟಿಕ್ ಟಿಕ್ ಸದ್ದು ಬಿಡದೆ ಕೇಳುತ್ತದೆ. ಏಳು ವರ್ಷವನ್ನು ಗಂಟೆಯ 3600 ಸೆಕೆಂಡಿಗೆ ಹಂಚಿದರೆ ಅಲ್ಲಿನ ಪ್ರತಿ ಸೆಕೆಂಡಿಗೆ ಭೂಮಿಯಲ್ಲಿ ಸುಮಾರು 17 ಗಂಟೆ ಕಳೆಯುತ್ತದೆ. ಕಾಲೆತ್ತಿ ಎರಡು ಹೆಜ್ಜೆ ಇಡುವಷ್ಟರಲ್ಲಿ ಮಗಳಿಗೆ ಒಂದು ದಿನ ಮುಗಿದಿರುತ್ತದೆ. ಯಾನಿಗಳು ನೌಕೆಗೆ ಮರಳಿದಾಗ ಅಲ್ಲಿ ಕಾದಿದ್ದ ಗೆಳೆಯನ ಗಡ್ಡ ನರೆತಿದೆ. ಕಳೆದದ್ದು 23 ವರ್ಷ, 4 ತಿಂಗಳು, 8 ದಿನ. ಇವರ ಪಾಲಿಗೆ ಮೂರು ಗಂಟೆಯ ಮೇಲೆ ಸ್ವಲ್ಪ. ಇಡೀ ಚಿತ್ರದ ಅವಧಿ 169 ನಿಮಿಷ. ಆ ಗ್ರಹದ ಲೆಕ್ಕದಲ್ಲಿ ಒಂದು ಪ್ರದರ್ಶನ ಮುಗಿಸಿ ಹೊರಬರುವಷ್ಟರಲ್ಲಿ ಮನೆಯಲ್ಲಿ ಉಳಿದವರಿಗೆ ಸುಮಾರು ಇಪ್ಪತ್ತು ವರ್ಷ ಹೆಚ್ಚು ವಯಸ್ಸಾಗಿರುತ್ತದೆ.

ಆಮೇಲಿನ ದೃಶ್ಯದಲ್ಲಿ ಅಲೆಯಿಲ್ಲ, ಕಪ್ಪುಕುಳಿಯಿಲ್ಲ. ಒಬ್ಬ ಮನುಷ್ಯ ಒಂದು ಪರದೆಯ ಮುಂದೆ ಕೂತಿದ್ದಾನೆ. ಭೂಮಿಯಿಂದ ಬಂದ ಸಂದೇಶಗಳು ಒಂದರ ಹಿಂದೊಂದು ಬರುತ್ತವೆ. ಮಗ ಓದು ಮುಗಿಸುತ್ತಾನೆ, ಮದುವೆಯಾಗುತ್ತಾನೆ, ತನ್ನ ಕೂಸನ್ನು ತೋರಿಸುತ್ತಾನೆ. ಕೂಸು ಉಳಿಯಲಿಲ್ಲ, ಅಜ್ಜ ತೀರಿಕೊಂಡರು ಎನ್ನುತ್ತಾನೆ. ಕಡೆಗೆ, ಅಷ್ಟು ವರ್ಷ ಮುನಿದು ಮಾತಾಡದಿದ್ದ ಮಗಳು ಕಾಣಿಸಿಕೊಳ್ಳುತ್ತಾಳೆ. ಅಪ್ಪ ಹೊರಟಾಗ ಅವನಿಗೆಷ್ಟು ವಯಸ್ಸಾಗಿತ್ತೋ ಅಷ್ಟೇ ವಯಸ್ಸು ಆ ದಿನ ಅವಳಿಗೆ ತುಂಬಿದೆ. ಈ ದೃಶ್ಯದ ಸಂಕಟಕ್ಕೆ ಬಲ ಬಂದದ್ದು ಹಿಂದಿನ ದೃಶ್ಯದ ಅಲೆಯಿಂದ. ಅಲೆಯ ಭಯವನ್ನು ಮೈಯಲ್ಲಿ ಅನುಭವಿಸಿದ ನೋಡುಗರಿಗೆ ಆ ಮೂರು ಗಂಟೆ ನಿಜವಾಗಿಯೂ ಮೂರೇ ಗಂಟೆ ಎಂದು ಗೊತ್ತಿದೆ. ಕೇವಲ ಮಾತಿನಲ್ಲಿ ‘ಇಪ್ಪತ್ತಮೂರು ವರ್ಷ ಕಳೆಯಿತು’ ಎಂದಿದ್ದರೆ ನಂಬುತ್ತಿದ್ದೆವೇ ಹೊರತು ಅದು ಒಳಗಿಳಿಯುತ್ತಿರಲಿಲ್ಲ. ದೃಶ್ಯವೈಭವ ಇಲ್ಲಿ ಅಲಂಕಾರವಾಗಿ ಬಂದಿಲ್ಲ. ವಾದದ ಮೊದಲ ಅರ್ಧವನ್ನು ಅದು ಹೇಳಿದೆ, ಉಳಿದರ್ಧವನ್ನು ಮಗಳ ಮುಖ ಹೇಳಿದೆ.

ಕಾಲದ ಈ ವ್ಯತ್ಯಾಸವನ್ನು ಅಪ್ಪ–ಮಗಳ ಮೂಲಕ ಹೇಳುವುದು ನಮ್ಮ ಹಿರಿಯರಿಗೆ ಹೊಸದಲ್ಲ. ಭಾಗವತದಲ್ಲಿ ಕಕುದ್ಮಿ ರಾಜ ತನ್ನ ಮಗಳು ರೇವತಿಗೆ ತಕ್ಕ ವರ ಯಾರೆಂದು ಕೇಳಲು ಅವಳನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಾಯನ ನಡೆಯುತ್ತಿರುತ್ತದೆ, ಮುಗಿಯುವವರೆಗೆ ಕಾಯುತ್ತಾನೆ. ಆಮೇಲೆ ಕೇಳಿದರೆ ಬ್ರಹ್ಮ ನಗುತ್ತಾನೆ. ಭೂಮಿಯಲ್ಲಿ 27 ಚತುರ್ಯುಗಗಳು ಉರುಳಿಹೋಗಿವೆ, ರಾಜ ಮನಸ್ಸಿನಲ್ಲಿಟ್ಟುಕೊಂಡಿದ್ದ ವರರ ಮಕ್ಕಳು ಮೊಮ್ಮಕ್ಕಳ ಹೆಸರೂ ಉಳಿದಿಲ್ಲ. ಕೊನೆಗೆ ರೇವತಿ ಬಲರಾಮನ ಕೈಹಿಡಿಯುತ್ತಾಳೆ. ಪೂರ್ವಿಕರಿಗೆ ಸಾಪೇಕ್ಷತಾ ಸಿದ್ಧಾಂತ ಗೊತ್ತಿತ್ತು ಎಂದು ಸಾಧಿಸಲು ನಾನಿದನ್ನು ಹೇಳುತ್ತಿಲ್ಲ. ಹಾಗೆ ಹೇಳುವುದು ಪುರಾಣಕ್ಕೂ ವಿಜ್ಞಾನಕ್ಕೂ ಮಾಡುವ ಅನ್ಯಾಯ. ನಾನು ಗಮನಿಸುವುದು ಒಂದೇ ವ್ಯತ್ಯಾಸವನ್ನು. ಕಕುದ್ಮಿ ಮಗಳನ್ನು ಜೊತೆಗೆ ಕರೆದೊಯ್ದ. ಹಾಗಾಗಿ ಲೋಕವೆಲ್ಲ ಅಳಿದರೂ ಅವರಿಬ್ಬರ ವಯಸ್ಸಿನ ಅಂತರ ಇದ್ದಂತೆಯೇ ಉಳಿಯಿತು, ಕಥೆ ಮದುವೆಯಲ್ಲಿ ಮುಗಿಯಿತು. ಕೂಪರ್ ಮಗಳನ್ನು ಬಿಟ್ಟು ಹೋದ. ಕಡೆಗೆ ಮರ್ಫ್ ಮುಪ್ಪಿನ ಹಾಸಿಗೆಯಲ್ಲಿ, ಮಕ್ಕಳು ಮೊಮ್ಮಕ್ಕಳ ನಡುವೆ ಮಲಗಿದ್ದಾಗ ಅವಳ ಅಪ್ಪ ನಡುವಯಸ್ಸು ಮೀರದ ಗಂಡಸಾಗಿ ಬಾಗಿಲಲ್ಲಿ ನಿಲ್ಲುತ್ತಾನೆ. ಮಗಳೇ ಅವನನ್ನು ಸಂತೈಸಿ ಕಳುಹಿಸುತ್ತಾಳೆ. ರೇವತಿಯ ಕಥೆಯನ್ನು ಹರಿಕಥೆಯಲ್ಲೋ ಪುರಾಣ ಪ್ರವಚನದಲ್ಲೋ ಕೇಳಿ ಬೆಳೆದ ಅಜ್ಜಿಗೆ ಈ ಚಿತ್ರದ ತಿರುಳು ಹಿಡಿಯಲು ಇಂಗ್ಲಿಷ್ ಬೇಕಿಲ್ಲ.

ಇನ್ನು ಮೊದಲ ದೂರಿಗೆ ಬರೋಣ, ಕಣ್ಣಿನ ಹಬ್ಬದ ದೂರಿಗೆ. ಗಾರ್ಗಾಂಟುವಾದ ರೂಪವನ್ನು ಕಲಾವಿದರು ಮನಬಂದಂತೆ ಬಿಡಿಸಲಿಲ್ಲ. ಭೌತವಿಜ್ಞಾನಿ ಕಿಪ್ ಥಾರ್ನ್ ಕೊಟ್ಟ ಸಮೀಕರಣಗಳನ್ನು ಇಟ್ಟುಕೊಂಡು ಡಬಲ್ ನೆಗೆಟಿವ್ ಸಂಸ್ಥೆಯ ತಂಡ ಬೆಳಕಿನ ದಾರಿಯನ್ನು ಲೆಕ್ಕಹಾಕುವ ಹೊಸ ತಂತ್ರಾಂಶ ಬರೆಯಿತು. ಕೆಲವು ಫ್ರೇಮುಗಳನ್ನು ರೂಪಿಸಲು ಕಂಪ್ಯೂಟರುಗಳಿಗೆ 100 ಗಂಟೆಯವರೆಗೆ ಹಿಡಿಯಿತು. ತೆರೆಯ ಮೇಲೆ ಕಾಣುವ ಕಪ್ಪು ಗೋಳದ ನಡುವೆ ಹಾದ ಬೆಳಕಿನ ಪಟ್ಟಿ, ಅದರ ಮೇಲೂ ಕೆಳಗೂ ಬಳಸಿ ನಿಂತ ಪ್ರಭಾವಳಿ, ಇವೆರಡೂ ಕುಳಿಯ ಸುತ್ತ ತಿರುಗುವ ಅನಿಲದ ಒಂದೇ ತಟ್ಟೆಯ ಬೆಳಕು. ತಟ್ಟೆಯ ಹಿಂಭಾಗದಿಂದ ಹೊರಟ ಕಿರಣಗಳು ಗುರುತ್ವದಿಂದ ಬಾಗಿ ಕುಳಿಯ ನೆತ್ತಿಯ ಮೇಲೆ ಹಾದು ನಮ್ಮ ಕಣ್ಣಿಗೆ ಬರುತ್ತವೆ. 1979ರಲ್ಲೇ ಫ್ರೆಂಚ್ ವಿಜ್ಞಾನಿ ಜಾನ್–ಪಿಯರ್ ಲುಮಿನೆ ಹೀಗೆ ಕಾಣಬಹುದೆಂದು ಗಣಿಸಿ, ಚುಕ್ಕೆಚುಕ್ಕೆಯಾಗಿ ಕೈಯಲ್ಲೇ ಬಿಡಿಸಿದ್ದರು. ಚಿತ್ರತಂಡದ ಕೆಲಸವೂ 2015ರಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಪ್ರಬಂಧವಾಗಿ ಪ್ರಕಟವಾಯಿತು. ಹಾಗೆಂದು ಚಿತ್ರ ರಾಜಿಯನ್ನೇ ಮಾಡಿಕೊಳ್ಳಲಿಲ್ಲ ಎನ್ನಲಾರೆ. ತಿರುಗುವ ತಟ್ಟೆಯಲ್ಲಿ ನಮ್ಮ ಕಡೆಗೆ ಬರುವ ಮಗ್ಗುಲು ಹೆಚ್ಚು ಬೆಳಗಬೇಕು, ದೂರ ಸರಿಯುವ ಮಗ್ಗುಲು ಮಂಕಾಗಬೇಕು. ನೋಡುಗರಿಗೆ ಗೊಂದಲವಾದೀತೆಂದು ಅದನ್ನು ಬಿಟ್ಟರು. 2019ರ ಏಪ್ರಿಲ್‌ನಲ್ಲಿ ಎಂ87 ಗ್ಯಾಲಕ್ಸಿಯ ಕಪ್ಪುಕುಳಿಯ ಚಿತ್ರ ಹೊರಬಂದಾಗ ಅದರ ಉಂಗುರದ ಒಂದು ಕಡೆ ಹೆಚ್ಚು ಉಜ್ವಲವಾಗಿತ್ತು. ಮನೆಯ ಮಗುವಿಗೆ ಆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರೆ, ಸಿನಿಮಾ ಏನನ್ನು ಬಿಟ್ಟಿತು, ಯಾಕೆ ಬಿಟ್ಟಿತು ಎಂಬ ಪ್ರಶ್ನೆಯನ್ನು ಅದೇ ಕೇಳುತ್ತದೆ. ಬೆರಗಿನಿಂದ ವಿಚಾರ ಮಂಕಾಗುತ್ತದೆ ಎನ್ನುವವರು ಇದಕ್ಕೇನು ಹೇಳುತ್ತಾರೆ?

ಕಪ್ಪುಕುಳಿಯ ವಿಷಯದಲ್ಲಿ ಬೆಂಗಳೂರಿಗೆ ಒಂದು ಹೆಮ್ಮೆಯ ಪಾಲಿದೆ. ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ ಅವರು 1970ರಲ್ಲಿ, ಕಲಕಿದ ಕಪ್ಪುಕುಳಿ ಬಾರಿಸಿದ ಗಂಟೆಯಂತೆ ನಾದಗೊಟ್ಟು ಕ್ರಮೇಣ ಅಡಗುತ್ತದೆ ಎಂದು ಗಣಿತದಿಂದ ತೋರಿಸಿದರು. 2015ರ ಸೆಪ್ಟೆಂಬರ್ 14ರಂದು ಮೊದಲ ಬಾರಿಗೆ ಸಿಕ್ಕಿದ ಗುರುತ್ವ ಅಲೆಗಳ ಕೊನೆಯ ಭಾಗದಲ್ಲಿ ಆ ಅಡಗುವ ನಾದದ ಗುರುತಿತ್ತು. ಆ ಅಲೆಗಳನ್ನು ಹಿಡಿದ ಯೋಜನೆಯ ರೂವಾರಿಗಳಲ್ಲಿ ಒಬ್ಬರು ಇದೇ ಕಿಪ್ ಥಾರ್ನ್. ಅದಕ್ಕಾಗಿ ಅವರಿಗೆ 2017ರ ನೊಬೆಲ್ ಬಂತು. ವಿಶ್ವೇಶ್ವರ ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡರು. ಇಂಥ ಗಹನ ಗಣಿತದ ಮನುಷ್ಯ ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರಾಗಿದ್ದರು. ಮನೆಮಂದಿ ಟಿಕೆಟ್ ಕೊಂಡು ಕತ್ತಲಲ್ಲಿ ಒಟ್ಟಿಗೆ ಕೂತು ತಲೆಯೆತ್ತಿ ನೋಡುವ ಜಾಗವನ್ನು ಕಟ್ಟುವುದು ಅವರಿಗೆ ಸಂಶೋಧನೆಗಿಂತ ಕೆಳಗಿನ ಕೆಲಸ ಅನ್ನಿಸಲಿಲ್ಲ.

ಆಕ್ಷೇಪಗಳು ಇನ್ನೂ ಇವೆ. ಪ್ರೀತಿ ಎಂಬುದು ಆಯಾಮಗಳನ್ನು ದಾಟುವ ಶಕ್ತಿ ಎಂದು ಒಂದು ಪಾತ್ರ ಹೇಳುತ್ತದೆ. ಕೊನೆಯಲ್ಲಿ ಅಪ್ಪ ಮಗಳ ಪುಸ್ತಕದ ಕಪಾಟಿನ ಹಿಂದೆ ಕಾಲವನ್ನೇ ಕೋಣೆಯಾಗಿಸಿಕೊಂಡು ತೇಲುತ್ತಾನೆ. ಇದು ವಿಜ್ಞಾನವೇ ಎಂದು ಕೇಳಿದರೆ, ಅಲ್ಲ ಎಂದೇ ಹೇಳುತ್ತೇನೆ. ಚಿತ್ರದ ಆ ಭಾಗ ಬಹಳ ಸಡಿಲವಾಗಿದೆ ಎಂಬುದೂ ನನ್ನ ಅಭಿಪ್ರಾಯ. ಆದರೆ ಥಾರ್ನ್ ತಮ್ಮ ಪುಸ್ತಕದಲ್ಲಿ ಚಿತ್ರದ ಒಂದೊಂದು ಅಂಶವನ್ನೂ ಸಾಬೀತಾದ ಸತ್ಯ, ಆಧಾರವುಳ್ಳ ಅಂದಾಜು, ಬರೀ ಊಹೆ ಎಂದು ಮೂರಾಗಿ ಗುರುತುಹಾಕಿ ವಿಂಗಡಿಸಿದ್ದಾರೆ. ಹೈಸ್ಕೂಲು ಮಕ್ಕಳಿರುವ ಮನೆಯಲ್ಲಿ ಊಟದ ಹೊತ್ತಿಗೆ ಈ ವಿಂಗಡಣೆಯನ್ನು ತಾವೇ ಮಾಡಿ ನೋಡಬಹುದು. ಅಗಲಿಕೆಯ ಕಥೆ ಹೇಳಲು ಕಪ್ಪುಕುಳಿ ಯಾಕೆ ಬೇಕು ಎಂದೂ ಕೆಲವರು ಕೇಳುತ್ತಾರೆ. ಮಕ್ಕಳು ಅಮೆರಿಕದಲ್ಲಿ, ತಂದೆತಾಯಿ ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಇರುವ ಎಷ್ಟೋ ಮನೆಗಳಿಗೆ ವಿಡಿಯೊ ಪರದೆಯ ಮುಂದೆ ಕೂರುವ ಅಪ್ಪನನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಆದರೆ ಅಲ್ಲಿ ಎರಡು ಕಡೆಯೂ ವರ್ಷಗಳು ಒಂದೇ ಲೆಕ್ಕದಲ್ಲಿ ಸವೆಯುತ್ತವೆ, ದುಃಖವನ್ನು ಇಬ್ಬರೂ ಸಮನಾಗಿ ಹಂಚಿಕೊಳ್ಳುತ್ತಾರೆ. ಇಲ್ಲಿ ಅಪ್ಪನಿಗೆ ಆ ಪಾಲೂ ಸಿಗುವುದಿಲ್ಲ. ಮಗಳು ಬೆಳೆದ ವರ್ಷಗಳು ಅವನ ಆಯುಷ್ಯದಲ್ಲಿ ಇಲ್ಲವೇ ಇಲ್ಲ. ಅದನ್ನು ಹೇಳಲು ಕಪ್ಪುಕುಳಿಯೇ ಬೇಕು.

ಮನೆಯಲ್ಲೇ ದೊಡ್ಡ ಟಿವಿ ಇದೆಯಲ್ಲ, ಚಿತ್ರಮಂದಿರಕ್ಕೆ ಯಾಕೆ ಎಂಬ ಪ್ರಶ್ನೆ ಹಗುರವಾದದ್ದಲ್ಲ. ಮಲ್ಟಿಪ್ಲೆಕ್ಸಿನಲ್ಲಿ ಐದಾರು ಜನರ ಟಿಕೆಟ್ ಮಧ್ಯಮ ವರ್ಗದ ಜೇಬಿಗೆ ಭಾರ. 2025ರಲ್ಲಿ ಕರ್ನಾಟಕ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿದಾಗ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆದರೂ ಈ ಚಿತ್ರಕ್ಕೆ ದೊಡ್ಡ ತೆರೆ ಬೇಕು ಎನ್ನುವುದಕ್ಕೆ ಒಂದು ದೃಶ್ಯ ಸಾಕ್ಷಿ. ಶನಿಗ್ರಹದ ಉಂಗುರಗಳ ಮುಂದೆ ನೌಕೆ ಒಂದು ಬಿಳಿ ಚುಕ್ಕೆಯಾಗಿ ಸರಿಯುತ್ತದೆ, ಆಗ ಕೇಳುವುದು ಭೂಮಿಯ ಮಳೆಯ ಸದ್ದು. ಸಣ್ಣ ತೆರೆಯಲ್ಲಿ ಆ ಚುಕ್ಕೆಯೇ ಕಾಣುವುದಿಲ್ಲ. ಅಲ್ಲದೆ ಮನೆಯಲ್ಲಿ ಕರೆಗಂಟೆ ಬಾರಿಸಿದರೆ ಚಿತ್ರ ನಿಲ್ಲುತ್ತದೆ, ಒಬ್ಬರು ಎದ್ದು ಹೋಗುತ್ತಾರೆ, ಇನ್ನೊಬ್ಬರು ಮೊಬೈಲ್ ತೆರೆಯುತ್ತಾರೆ. ಚಿತ್ರಮಂದಿರದಲ್ಲಿ ಆ 169 ನಿಮಿಷ ಎಲ್ಲರ ಗಡಿಯಾರವೂ ಒಂದೇ. ಹತ್ತು ವರ್ಷದ ಮಗು ಮರ್ಫ್‌ಳ ಮುನಿಸನ್ನು ನೋಡುತ್ತದೆ, ನಲವತ್ತರ ತಂದೆ ಪರದೆಯ ಮುಂದಿನ ಕೂಪರನನ್ನು ನೋಡುತ್ತಾನೆ, ಎಪ್ಪತ್ತರ ಅಜ್ಜಿ ಹಾಸಿಗೆಯಲ್ಲಿ ಮಲಗಿದ ಮರ್ಫ್‌ಳನ್ನು ನೋಡುತ್ತಾಳೆ. ಈ ಮೂವರಲ್ಲಿ ಯಾರೊಬ್ಬರು ಇಲ್ಲದಿದ್ದರೂ ಹೊರಗೆ ಬಂದ ಮೇಲೆ ನಡೆಯುವ ಮಾತಿನಲ್ಲಿ ಒಂದು ವಯಸ್ಸು ಖಾಲಿಯಾಗಿರುತ್ತದೆ.

2025ರ ಫೆಬ್ರವರಿಯಲ್ಲಿ ಈ ಚಿತ್ರ ಭಾರತದಲ್ಲಿ ಮರುಬಿಡುಗಡೆಯಾಯಿತು. ಮತ್ತೊಮ್ಮೆ ಬಂದರೆ, ಅಥವಾ ಇಷ್ಟೇ ಕಾಳಜಿಯಿಂದ ಮಾಡಿದ ಇನ್ನೊಂದು ವಿಜ್ಞಾನ ಚಿತ್ರ ಬಂದರೆ, ಮಕ್ಕಳನ್ನಷ್ಟೇ ಕರೆದುಕೊಂಡು ಹೋಗಬೇಡಿ. ಅಜ್ಜ ಅಜ್ಜಿಯರಿಗೂ ಟಿಕೆಟ್ ತೆಗೆಸಿ, ಸಾಲಿನ ನಡುವೆ ಕೂರಿಸಿಕೊಳ್ಳಿ. ಚಿತ್ರ ಮುಗಿದ ಮೇಲೆ ಮೊದಲ ಮಾತು ಅವರಾಡಲಿ.