ಆವಿಗೆಯ ಬಣ್ಣ



ಬೆಂಗಳೂರಿನಲ್ಲಿ ಈಗ ಭಾನುವಾರ ಬಂತೆಂದರೆ ಮಣ್ಣು ಕಲಸಲು ಸ್ಟುಡಿಯೊಗಳಿಗೆ ಹೋಗುವವರಿದ್ದಾರೆ. ಬೇವಿನೆಲೆಯ ಅಚ್ಚು ಮೂಡಿಸಿದ ತಟ್ಟೆ, ಮರದ ತೊಗಟೆಯಂಥ ಮೈಯ ಹೂದಾನಿ ಮಾಡಿ, 'ಪ್ರಕೃತಿಯಿಂದ ಪ್ರೇರಿತ' ಅನ್ನುತ್ತಾರೆ. ನೋಡಲು ಚೆನ್ನಾಗಿಯೇ ಇರುತ್ತವೆ. ಆದರೆ ಎಲೆ ಒತ್ತಿದ ಮಾತ್ರಕ್ಕೆ ಮಡಕೆಯೊಳಗೆ ಪ್ರಕೃತಿ ಬಂದು ಕೂತುಬಿಡುತ್ತದೆಯೇ ಎಂಬುದು ನನ್ನ ತಕರಾರು.

ಆರ್.ಟಿ. ನಗರದಿಂದ ಕಂಟೋನ್ಮೆಂಟ್ ಕಡೆಗೆ ಹೋದರೆ ಬೆನ್ಸನ್ ಟೌನಿನ ಪಕ್ಕ ಪಾಟರಿ ಟೌನ್ ಸಿಗುತ್ತದೆ. ಬೇಸಿಗೆಗೆ ಹೂಜಿ, ಚೌತಿಗೆ ಗಣೇಶ, ದೀಪಾವಳಿಗೆ ಹಣತೆ ಅಂತ ಹಬ್ಬದ ಪಂಚಾಂಗ ಹಿಡಿದು ಬದುಕುವ ಕುಂಬಾರರ ಕೇರಿ. ಮೆಟ್ರೊ ಗುಲಾಬಿ ಮಾರ್ಗದ ಒಂದು ನಿಲ್ದಾಣಕ್ಕೂ ಅದೇ ಹೆಸರಿಟ್ಟಿದ್ದಾರೆ. ಹೆಸರಂತೂ ಉಳಿಯಿತು!

ಮಣ್ಣಿನ ಕೆಲಸದಲ್ಲಿ ತಿಗರಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಅಸಲು ಪರೀಕ್ಷೆ ಮಾತ್ರ ಆವಿಗೆಯಲ್ಲಿ. ನೆರಳಲ್ಲಿ ಒಣಗಿದ ಗಡಿಗೆಗಳನ್ನು ಜೋಡಿಸಿ ಮೊದಲು ಸಣ್ಣ ಉರಿ ಕೊಡುತ್ತಾರೆ. ಅವಸರಪಟ್ಟರೆ ಒಳಗುಳಿದ ತೇವ ಹಬೆಯಾಗಿ ಗಡಿಗೆಯನ್ನೇ ಸಿಡಿಸುತ್ತದೆ. ಕಾವು 500-600 ಡಿಗ್ರಿ ಸೆಲ್ಸಿಯಸ್ ಮುಟ್ಟುವಾಗ ಮಣ್ಣಿನ ಕಣಕಣದಲ್ಲಿ ಬೆಸೆದುಕೊಂಡಿದ್ದ ನೀರೂ ಹೊರಟುಹೋಗುತ್ತದೆ. ಆಮೇಲೆ ಎಷ್ಟು ನೆನೆಸಿದರೂ ಅದು ಮತ್ತೆ ಕೆಸರಾಗದು. ಹಳೆಯ ಕುಂಬಾರರ ಕೈಯಲ್ಲಿ ಉಷ್ಣಮಾಪಕ ಇರಲಿಲ್ಲ. ಕಿಂಡಿಯಲ್ಲಿ ಇಣುಕಿ, ಒಳಗಿನ ಕೆಂಪು ಕಿತ್ತಳೆಗೆ ತಿರುಗಿತೇ ಎಂದು ನೋಡಿ ಉರಿ ಏರಿಸುವುದೋ ಇಳಿಸುವುದೋ ಹೇಳುತ್ತಿದ್ದರು.

ಬಣ್ಣದ ಕತೆ ಇನ್ನೂ ಸ್ವಾರಸ್ಯ. ಗಾಳಿ ಧಾರಾಳವಾಗಿ ಆಡಿದರೆ ಮಣ್ಣಿನೊಳಗಿನ ಕಬ್ಬಿಣದ ಅಂಶ ಕೆಂಪಾಗುತ್ತದೆ. ಗಾಳಿ ಕಟ್ಟಿ ಹೊಗೆ ಕೂಡಿಸಿದರೆ ಅದೇ ಮಣ್ಣು ಕಪ್ಪು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ಬೃಹತ್ ಶಿಲಾಸಮಾಧಿಗಳ ಕಾಲದ ಇಂಥ ಮಡಕೆಗಳು ಸಿಕ್ಕವು: ಒಳಗೂ ಬಾಯಂಚೂ ಕಪ್ಪು, ಹೊರಮೈ ಕೆಂಪು. ಬೋರಲು ಹಾಕಿ ಸುಟ್ಟಿರಬೇಕು, ಬಾಯಿಗೆ ಗಾಳಿ ಸಿಗದೆ ಕಪ್ಪಾಗಿರಬೇಕು ಎಂಬುದು ಬಲ್ಲವರಲ್ಲಿ ಹಲವರ ಊಹೆ. ಎರಡು ಸಾವಿರ ವರ್ಷಗಳ ಹಿಂದೆಯೇ ನಮ್ಮ ನೆಲದಲ್ಲಿ ಒಂದೇ ಮಡಕೆಗೆ ಎರಡು ಬಣ್ಣ ತರಿಸಿದವರಿದ್ದರು.

ಇವತ್ತಿನ ಕಲಾವಿದರಲ್ಲೂ ಸೌದೆ ಆವಿಗೆಯ ಹಿಂದೆ ಬಿದ್ದವರಿದ್ದಾರೆ. 1971ರಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಪುದುಚೇರಿಯಲ್ಲಿ ಶುರು ಮಾಡಿದ ಗೋಲ್ಡನ್ ಬ್ರಿಡ್ಜ್ ಪಾಟರಿಯಲ್ಲಿ ಕಲಿತವರು ದೇಶದ ಉದ್ದಗಲಕ್ಕೂ ಇದ್ದಾರೆ. 1,200 ಡಿಗ್ರಿ ದಾಟುವ ಆವಿಗೆಯಲ್ಲಿ ಹಾರುವ ಬೂದಿ ಪಾತ್ರೆಯ ಭುಜದ ಮೇಲೆ ಕೂತು ಕರಗಿ ಗಾಜಾಗುತ್ತದೆ. ಉರಿ ತಾಗಿದ ಕಡೆ ಒಂದು ಬಣ್ಣ, ಮರೆಯಾದ ಕಡೆ ಇನ್ನೊಂದು. ಯಾವ ಮರದ ಸೌದೆ ಎಂಬುದರ ಮೇಲೂ ಮೆರುಗು ಬದಲಾಗುತ್ತದೆ. ಮಾಡಿದವರಿಗೂ ಬಾಗಿಲು ತೆಗೆಯುವ ತನಕ ಏನಾಗಿದೆ ಗೊತ್ತಿರುವುದಿಲ್ಲ. ನನ್ನ ಮಟ್ಟಿಗೆ ಪ್ರಕೃತಿಯ ಪ್ರೇರಣೆ ಅಂದರೆ ಇದು. ಎಲೆಯಚ್ಚು ಬರೀ ಅಲಂಕಾರ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತೇವೆ. ಈಗಿನ ದೊಣ್ಣೆ ಬಿದ್ದಿರುವುದು ಕೆರೆಯ ಮೇಲೆ. ಮಡಕೆಗೆ ಬೇಕಾದ್ದು ಮಳೆನೀರು ವರ್ಷಗಟ್ಟಲೆ ಕೆರೆಗೆ ತಂದು ಇಳಿಸಿದ ನುಣುಪು ಜೇಡಿ. ಕೊಳಚೆ, ಕಟ್ಟಡದ ಪುಡಿ ಸೇರಿದ ಹೂಳು ತಿಗರಿಗೆ ಬಾರದು. ಊರ ಕೆರೆಗಳು ಬಡಾವಣೆಗಳಾದ ಮೇಲೆ ಪಾಟರಿ ಟೌನಿಗೆ ಮಣ್ಣು ದೂರದಿಂದ ಲಾರಿ ಹತ್ತಿ ಬರಬೇಕು. ಇನ್ನು ಸೌದೆ ಆವಿಗೆಯ ಹೊಗೆ ಬಂದರೆ ನೆರೆಯವರಿಗೂ ಕಷ್ಟ, ಅದನ್ನು ಅಲ್ಲಗಳೆಯುವಂತಿಲ್ಲ. ಹೊಗೆಗೆ ಗ್ಯಾಸಿನ, ವಿದ್ಯುತ್ತಿನ ಆವಿಗೆಗಳಾದರೂ ಇವೆ. ಮಣ್ಣಿಗೆ ಬದಲಿ ಇಲ್ಲ.

ಯಲಹಂಕದಿಂದ ದೇವನಹಳ್ಳಿಯವರೆಗೆ ಎಲ್ಲಾದರೂ ನಿಮ್ಮೂರಿನ ಕೆರೆಯ ಹೂಳೆತ್ತುತ್ತಿದ್ದರೆ, ಮಣ್ಣು ಲೇಔಟಿನ ಹಳ್ಳ ತುಂಬಿಸಲು ಹೋಗುವ ಮುನ್ನ ಒಬ್ಬ ಕುಂಬಾರರನ್ನು ಕರೆದು ತೋರಿಸಿ. ಹಿಡಿ ಮಣ್ಣನ್ನು ನೆನೆಸಿ, ಬತ್ತಿ ಹೊಸೆದು, ಬೆರಳಿಗೆ ಸುತ್ತಿ ಅದು ಬಿರಿಯುತ್ತದೋ ಇಲ್ಲವೋ ನೋಡಿ ಅವರು ಅಲ್ಲೇ ಹೇಳುತ್ತಾರೆ.